ತಗ್ಗು ಬಿದ್ದ ಊಟದ ಡಬ್ಬಿ

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಸ್ಟೀಲಿನ ಡಬ್ಬಿಗಳು ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತಾ ಸಾಲಾಗಿ ನಿಂತಿವೆ. ಆ ಸಾಲಿನ ತುದಿಯಲ್ಲಿರುವ ಒಂದು ಡಬ್ಬಿಯ ಮಗ್ಗುಲು ಒಳಕ್ಕೆ ಹೋಗಿದೆ, ಯಾರೋ ಗುದ್ದಿದ ಹಾಗೆ. ಹಳೆಯ ಸೀರೆ ತೆಗೆದುಕೊಂಡು ಹೊಸ ಪಾತ್ರೆ ಕೊಡುವ ಹೆಂಗಸು ಓಣಿಯ ತುದಿಯಲ್ಲಿ ಕೂಗಿದರೆ ಸಾಕು, ಅಕ್ಕಾರ ಕಣ್ಣು ನೇರವಾಗಿ ಆ ಡಬ್ಬಿಯ ಮೇಲೆ ಬೀಳುತ್ತದೆ.

"ಸುನಂದಾ, ಅದನ್ನ ಕೊಟ್ಟುಬಿಡ. ನೋಡಿದಾಗೊಮ್ಮೆ ಮನಸ್ಸಿಗೆ ಒಂಥರಾ ಆಗತೈತಿ."

"ಕೊಡೂದಿಲ್ರೀ ಅಕ್ಕಾರ."

"ಮ್ಯಾಲೊಂದು ಸೀರಿ ನಂದ ಕೊಡ್ತೀನಿ, ಛಲೋದು ತುಗೋ."

"ಸೀರೀನೂ ಬ್ಯಾಡ, ಡಬ್ಬೀನೂ ಕೊಡೂದಿಲ್ಲ."

ಅಕ್ಕಾ ಎಂದರೆ ನಮ್ಮ ಮನೆಯವರ ಹಿರಿಯ ಅಕ್ಕ. ಮದುವೆಯಾಗಿ ಸ್ವಲ್ಪ ಕಾಲದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಾನು ಸೊಸೆಯಾಗಿ ಈ ಮನೆಗೆ ಕಾಲಿಟ್ಟಾಗ ಬಾಗಿಲಲ್ಲಿ ಅಕ್ಕಿಯ ಸೇರು ಇಟ್ಟವರೂ ಅವರೇ, ಮರುದಿನ ಚಹಾದ ಸಕ್ಕರೆ ಎಷ್ಟು ಹಾಕಬೇಕೆಂದು ತೋರಿಸಿಕೊಟ್ಟವರೂ ಅವರೇ. ಕಳೆದ ಇಷ್ಟು ವರ್ಷಗಳಲ್ಲಿ ಸಕ್ಕರೆಯ ವಿಷಯದಲ್ಲಿ ನಾನು ಅವರ ಮಾತು ಮೀರಿಲ್ಲ. ಡಬ್ಬಿಯ ವಿಷಯದಲ್ಲಿ ಮೀರಿದ್ದೇನೆ. ಯಾಕೆಂದು ಹೇಳಬೇಕಾದರೆ ಮೊದಲು ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಪದ್ಧತಿಯನ್ನು ಹೇಳಬೇಕು.

ಹೊತ್ತು ಎಲ್ಲರ ಮನೆಯಲ್ಲೂ ಮುಳುಗುತ್ತದೆ, ಅದರಲ್ಲೇನು ಪದ್ಧತಿ ಎಂದು ನೀವು ಕೇಳಬಹುದು. ನಾವು ಜೈನರು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು, ಮತ್ತೆ ಅನ್ನದ ಮಾತು ಸೂರ್ಯ ಮೂಡಿದ ಮೇಲೆ. ಶಾಸ್ತ್ರದಲ್ಲಿ ಇನ್ನೂ ಎರಡು ಘಳಿಗೆ ಮೊದಲೇ ಮುಗಿಸಬೇಕೆಂದು ಇದೆಯಂತೆ. ಅಷ್ಟು ಬಿಗಿ ನಮ್ಮಲ್ಲಿ ಇಲ್ಲ. ನಮ್ಮಲ್ಲಿ ಇರುವುದು ಅಕ್ಕಾರ ಶಾಸ್ತ್ರ. ಸಂಜೆಯಾಗುತ್ತಲೇ ಅವರು ಅಂಗಳದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಪಶ್ಚಿಮಕ್ಕೆ ಮುಖ ಮಾಡಿ ಕೂರುತ್ತಾರೆ. ಸೂರ್ಯ ಕಣ್ಣಿಗೆ ಕಾಣುವವರೆಗೆ ಹಗಲು. ಕಾಣದಾದ ಕ್ಷಣಕ್ಕೆ "ಮುಳುಗ್ತು!" ಎಂದು ಒಂದು ಕೂಗು. ಆ ಕೂಗಿಗೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಬಹುದು, ತಾಟಿನಲ್ಲಿದ್ದದ್ದು ಹೋಗುವಂತಿಲ್ಲ.

ಮಹಾಂತೇಶ ನಗರದಲ್ಲಿ ನಾವು ಮನೆ ಕಟ್ಟಿಸಿದಾಗ ಪಶ್ಚಿಮಕ್ಕೆ ಬಯಲಿತ್ತು. ಸೂರ್ಯ ನಿಧಾನವಾಗಿ, ಮರ್ಯಾದೆಯಿಂದ ಮುಳುಗುತ್ತಿದ್ದ. ಆಮೇಲೆ ಆ ಬಯಲಿನಲ್ಲಿ ಒಂದು ಮನೆ ಬಂತು, ಸೂರ್ಯ ಅದರ ನೀರಿನ ಟಾಕಿಯ ಹಿಂದೆ ಮುಳುಗತೊಡಗಿದ. ಆಮೇಲೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದರು. ಅದು ಒಂದೊಂದೇ ಅಂತಸ್ತು ಏರಿದಂತೆ ನಮ್ಮ ರಾತ್ರಿಯೂಟ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಸಂಜೆಯ ಚಹಾದ ಬಗಲಿಗೆ ಬಂದು ಕೂತಿತು. ನಮ್ಮ ಮನೆಯವರದು ಆಟೋ ನಗರದಲ್ಲಿ ಗಾಡಿಯ ಬಿಡಿಭಾಗದ ಅಂಗಡಿ. ಗಿರಾಕಿ ಎದುರಿಗೆ ನಿಂತಿದ್ದರೂ ಬೇರಿಂಗು ಅವನ ಕೈಯಲ್ಲಿಟ್ಟು ಸ್ಕೂಟರ್ ಹತ್ತಿ ಓಡಿ ಬರುತ್ತಿದ್ದರು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ವೇಳೆ ಅಚ್ಚಾಗಿರುತ್ತದಲ್ಲ, ಅದನ್ನು ತೋರಿಸಿ ನಾನು ಒಮ್ಮೆ, "ಅಕ್ಕಾರ, ಇನ್ನೂ ಭಾಳ ಟೈಮ್ ಐತ್ರೀ" ಎಂದಿದ್ದೆ.

"ಕ್ಯಾಲೆಂಡರ್ ಛಾಪಿಸಿದಾವ ನಮ್ಮ ಅಂಗಳದಾಗ ಬಂದು ಕುಂತಿದ್ನೇನು?" ಎಂದರು ಅಕ್ಕಾ. ಅಲ್ಲಿಗೆ ಕ್ಯಾಲೆಂಡರಿನ ಮಾತು ಮುಗಿಯಿತು.

ನನ್ನ ತವರು ಪಾರಿಶ್ವಾಡದಲ್ಲಿ ಇಂಥ ಗಡಿಬಿಡಿ ಇರಲಿಲ್ಲ. ಅಪ್ಪನೂ ಇದೇ ವ್ರತ ಪಾಲಿಸಿದವರೇ. ಆದರೆ ಅವರು ಸೂರ್ಯನ ಹಿಂದೆ ಓಡಿದ್ದನ್ನು ನಾನು ಕಾಣೆ. ಖಾನಾಪುರದ ಸಂತೆಗೆ ಕರಿಯ ಸೈಕಲ್ ಮೇಲೆ ಹೋಗಿ ಬರುತ್ತಿದ್ದರು. ಹಿಂದಿನ ಕ್ಯಾರಿಯರಿಗೆ ಅವ್ವ ಬುತ್ತಿ ಕಟ್ಟಿರುತ್ತಿದ್ದಳು. ಬರುವಾಗ ದಾರಿಯಲ್ಲೇ ಹೊತ್ತು ಇಳಿಯಿತೆಂದರೆ ಸೈಕಲ್ ಸ್ಟ್ಯಾಂಡ್ ಹಾಕಿ, ಯಾವುದೋ ಸೇತುವೆಯ ಕಟ್ಟೆಯ ಮೇಲೆ ಕೂತು, ಬುತ್ತಿ ಬಿಚ್ಚಿ, ನಿಧಾನವಾಗಿ ಉಂಡು, ಬಾಯಿ ಮುಕ್ಕಳಿಸಿ, ಆಮೇಲೆ ಕತ್ತಲಲ್ಲಿ ಹಾಡು ಗುನುಗುತ್ತಾ ಮನೆಗೆ ಬರುತ್ತಿದ್ದರು. ಅವ್ವ ಸಿಟ್ಟಾಗುತ್ತಿದ್ದಳು. "ಮನಿ ಒಂದು ಹರದಾರಿ ಉಳಿದಿತ್ತು, ಮನಿಗೆ ಬಂದು ಉಣ್ಣಾಕ ಏನಾಗಿತ್ತು?"

"ಉಣ್ಣೂ ಜಾಗಾ ಮನೀನ ಆಗಿರಬೇಕಂತ ಎಲ್ಲಿ ಬರದೈತಿ?" ಎನ್ನುತ್ತಿದ್ದರು ಅಪ್ಪ.

ಆ ಕರಿಯ ಸೈಕಲ್ಲಿನಲ್ಲೇ ನಾನು ಕಲಿತದ್ದು. ಸೀಟಿನ ಮೇಲೆ ಕೂತರೆ ಕಾಲು ನಿಲುಕುತ್ತಿರಲಿಲ್ಲ. ಅಡ್ಡಪೈಪಿನ ಕೆಳಗೆ ಒಂದು ಕಾಲು ತೂರಿಸಿ, ಮೈಯೆಲ್ಲ ಒಂದು ಕಡೆ ವಾಲಿಸಿ, ಅರ್ಧರ್ಧ ಪೆಡಲು ತುಳಿಯುತ್ತಾ ಇಡೀ ಊರು ಸುತ್ತುತ್ತಿದ್ದೆ. ಲಂಗದ ಅಂಚಿಗೆ ಚೈನಿನ ಎಣ್ಣೆ ಹತ್ತಿ ಅದೊಂದು ಕರಿಯ ಬಾರ್ಡರಿನಂತೆ ಕಾಣುತ್ತಿತ್ತು. ಸೀಟಿನ ಮೇಲೆ ಕೂರುವಷ್ಟು ಎತ್ತರ ಬೆಳೆದ ವರ್ಷವೇ "ದೊಡ್ಡಾಕಿ ಆದಿ, ಇನ್ನ ಸಾಕು" ಎಂದು ಸೈಕಲ್ ಕಸಿದರು. ನನಗೆ ಇವತ್ತಿಗೂ ಅರ್ಥವಾಗದ ಲೆಕ್ಕ ಇದು. ಕಾಲು ನಿಲುಕದಾಗ ಕೊಟ್ಟರು, ನಿಲುಕಿದಾಗ ಕಸಿದರು.

ಮತ್ತೆ ಸೈಕಲ್ ಸಿಕ್ಕಿದ್ದು ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೆ. ನಮ್ಮ ಮನೆಯವರಿಗೆ ಡಾಕ್ಟರು ಹೊಟ್ಟೆ ಇಳಿಸಲು ಹೇಳಿದರು. ಅವರು ಹುರುಪಿನಲ್ಲಿ ತೆಳ್ಳನೆಯ ಟೈರಿನ, ಬಾಗಿದ ಹ್ಯಾಂಡಲ್ಲಿನ, ಗೇರಿನ ಸೈಕಲ್ ತಂದರು. ಅದರ ಮೇಲೆ ಒಂದು ಸಲ ಕೂತು, ಇಳಿದು, ಅಂಗಡಿಯ ಗೋಡೆಗೆ ತೂಗುಹಾಕಿದರು. ಅವರ ಮಳೆಗಾಲದ ಕೋಟು, ಟೋಪಿ ಅದಕ್ಕೆ ನೇತಾಡುತ್ತಿದ್ದವು. ಒಂದು ದಿನ ನಾನು ಕೋಟು ತೆಗೆದು ಮೊಳೆಗೆ ಹಾಕಿ ಸೈಕಲ್ ಕೆಳಗಿಳಿಸಿದೆ. ಅಷ್ಟೇ. ಅಪ್ಪಣೆ ಕೇಳಿದ್ದರೆ ಇವತ್ತಿಗೂ ಆ ಕೋಟು ಅಲ್ಲೇ ಇರುತ್ತಿತ್ತು.

ಮೊದಮೊದಲು ಕೋಟೆಯ ಕೆರೆಯವರೆಗೆ. ಕೋಟೆಯೊಳಗಿನ ಕಮಲ ಬಸದಿಗೆ ಕೈಮುಗಿದು ಬರುವ ನೆಪ ಇತ್ತಲ್ಲ, ಅಕ್ಕಾ ಸುಮ್ಮನಿದ್ದರು. ಆಮೇಲೆ ವಡಗಾವಿ, ಯಳ್ಳೂರು. ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಅದನ್ನು ಕೆಳಗಿಳಿಸಿ ಜಡೆ ಮಾಡಿಕೊಂಡೆ. ಚೂಡಿದಾರದ ಪಾಯಿಜಾಮದ ಬಲಗಾಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಆಟೋ ನಗರದ ವೆಲ್ಡರನಿಂದ ಹಿಂದಕ್ಕೊಂದು ಕ್ಯಾರಿಯರ್ ಮಾಡಿಸಿದೆ, ಡಬ್ಬಿಗಾಗಿ. ರವಿವಾರ ಬಣ್ಣಬಣ್ಣದ ಬಿಗಿ ಅಂಗಿ ಹಾಕಿಕೊಂಡು ಓಡಿಸುವ ಹುಡುಗರು ಅದನ್ನು ನೋಡಿ ನಕ್ಕರು.

"ಆಂಟಿ, ಇಂಥಾ ಸೈಕಲ್ಲಿಗೆ ಯಾರಾದ್ರೂ ಕ್ಯಾರಿಯರ್ ಹಚ್ಚತಾರೇನ್ರೀ? ವೇಟ್ ಆಗತೈತಿ."

"ನನ್ನ ಊಟದ ವೇಟ್ ನಿನಗ್ಯಾಕೋ ತಮ್ಮಾ? ನೀ ಏನ ಎಳಿಯಾಕತ್ತೀ?"

ಮುಂದೆ ಅವರು ಎದುರಾದಾಗಲೆಲ್ಲ ಬೆಲ್ಲು ಹೊಡೆದು ಹೋಗುತ್ತಿದ್ದರು.

ಜಗಳ ಹುಟ್ಟಿದ್ದು ದೀಪಾವಳಿಯ ಫರಾಳದ ತಿಂಡಿಗಳ ಮುಂದೆ. ಬಂಧುಗಳೆಲ್ಲ ಕೂತು ಚಕ್ಕುಲಿ ಮುರಿಯುತ್ತಿದ್ದಾಗ ನಾನು ಹಲಸಿಗೆ ಹೋಗಿಬರುವ ವಿಚಾರ ಎತ್ತಿದೆ. ಹಲಸಿ ಖಾನಾಪುರದಿಂದ ಆಚೆ, ಕದಂಬರ ಕಾಲದ ಊರು. ಅಲ್ಲಿ ದೊಡ್ಡ ಗುಡಿಯ ಜೊತೆಗೆ ನಮ್ಮವರ ಪುಟ್ಟ ಹಳೆಯ ಬಸದಿಯೂ ಇದೆ. ಅಪ್ಪ ಅದನ್ನು ನೋಡಿ ಬಂದು ಹೇಳುತ್ತಿದ್ದರು, ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದರು, ಆಗಲೇ ಇಲ್ಲ. ಅಕ್ಕಾ ಚಕ್ಕುಲಿ ತಟ್ಟೆ ಕೆಳಗಿಟ್ಟರು.

"ಹಲಸೀನ? ಸೈಕಲ್ ಮ್ಯಾಲ? ಹೊತ್ತು ಮುಳುಗೂದರೊಳಗ ತಿರಿಗಿ ಬರ್ತಿಯೇನು ನೀ? ಒಂದಿನ ವ್ರತಾ ಮುರದು ಕುಂದರ್ತಿ ನೋಡ."

"ಮುರಿಯೂದಿಲ್ರೀ. ಹೊತ್ತಿರೋದರೊಳಗ ಉಂಡಿರ್ತೀನಿ."

"ಉಂಡಿರಲಿಲ್ಲಂದ್ರ?"

"ಉಂಡಿರಲಿಲ್ಲಂದ್ರ ಆ ದಿನಾನ ಸೈಕಲ್ ಬಿಡ್ತೀನಿ. ಯಾರಿಗೆ ಬೇಕೋ ಕೊಟ್ಟುಬಿಡ್ರಿ."

ಎಲ್ಲರ ಚಕ್ಕುಲಿ ಅರ್ಧಕ್ಕೇ ನಿಂತಿತು. ಅಕ್ಕಾ ನನ್ನ ಮುಖ ನೋಡಿದರು. "ಕ್ಯಾಲೆಂಡರ್ ಟೈಮ್ ತೋರಸಬ್ಯಾಡ ಮತ್ತ. ಹೊತ್ತು ಕಣ್ಣಿಗೆ ಕಾಣಬೇಕು."

"ಕಣ್ಣಿಗೆ ಕಾಣಬೇಕು," ಎಂದೆ ನಾನು. ನಮ್ಮ ಮನೆಯವರು ಕರದಂಟಿನ ತುಂಡೊಂದನ್ನು ಬಹಳ ಗಮನ ಕೊಟ್ಟು ಅಗಿಯುತ್ತಿದ್ದರು.

ಹೊರಟ ದಿನ ಇನ್ನೂ ನಸುಕು. ಸೂರ್ಯ ಮೂಡಿರಲಿಲ್ಲವಾದ್ದರಿಂದ ಹೊಟ್ಟೆಗೆ ಏನೂ ಇಲ್ಲ. ಬಾಟಲಿಯಲ್ಲಿ ಕುದಿಸಿ ಸೋಸಿದ ನೀರು. ಡಬ್ಬಿಯಲ್ಲಿ ಮೆಂತ್ಯದ ಚಪಾತಿ, ಹೀರೇಕಾಯಿ ಪಲ್ಯ, ಶೇಂಗಾ ಚಟ್ನಿ, ಮೇಲೆ ಒಂದು ತುಂಡು ಸಿಹಿ ಕುಂದಾ. ಅರ್ಧ ಮಧ್ಯಾಹ್ನಕ್ಕೆ, ಅರ್ಧ ಸಂಜೆಗೆ. ಸಂಜೆಯದನ್ನು ಮನೆಯ ಅಂಗಳದಲ್ಲಿ, ಬೆತ್ತದ ಕುರ್ಚಿಯ ಎದುರಿಗೇ ಚಾಪೆ ಹಾಸಿಕೊಂಡು ಉಣ್ಣಬೇಕೆಂದು ನಾನು ನಿರ್ಧರಿಸಿದ್ದೆ. ಈ ಒಂದು ಹಟ ಇಲ್ಲದಿದ್ದರೆ ಆ ದಿನ ಏನೂ ನಡೆಯುತ್ತಿರಲಿಲ್ಲ, ಡಬ್ಬಿಯೂ ನೆಟ್ಟಗೇ ಇರುತ್ತಿತ್ತು.

ಖಾನಾಪುರಕ್ಕೆ ಹೆದ್ದಾರಿ ಇದೆ. ಅದರಲ್ಲಿ ಲಾರಿಗಳು ಸೈಕಲ್ಲನ್ನು ಊದಿಬಿಡುವ ಹಾಗೆ ಹೋಗುತ್ತವೆ. ನನ್ನ ದಾರಿ ಬೇರೆ. ವಡಗಾವಿಯ ಮಗ್ಗಗಳು ಆಗಲೇ ಖಟಖಟ ಶುರುಮಾಡಿದ್ದವು. ಯಳ್ಳೂರಿನ ಗದ್ದೆಗಳಲ್ಲಿ ಭತ್ತ ಕೊಯ್ದು ಹರವಿದ್ದರು, ಹುಲ್ಲಿನ ವಾಸನೆಗೆ ಬಾಸುಮತಿಯ ಅನ್ನದ ನೆನಪಾಗಿ ಹೊಟ್ಟೆ ಚುರುಕ್ ಎಂದಿತು. ಎದುರಿಗೆ ರಾಜಹಂಸಗಡ, ನೆತ್ತಿಯ ಮೇಲೆ ಕೋಟೆಯ ಗೋಡೆ ಸುತ್ತಿಕೊಂಡು ಕೂತ ಗುಡ್ಡ. ಅದರ ಬುಡ ಹಾಯ್ದು ನಂದಿಹಳ್ಳಿ, ಗರ್ಲಗುಂಜಿ. ದಾರಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಏರುವಾಗ ನಾನು ಎಲ್ಲ ದೇವರನ್ನೂ ಬೈದುಕೊಳ್ಳುತ್ತೇನೆ, ಇಳಿಯುವಾಗ ಕ್ಷಮೆ ಕೇಳುತ್ತೇನೆ. ಗಾಡಿಗಳೇ ಇಲ್ಲ. ಒಂದು ಕಡೆ ಎಮ್ಮೆಯೊಂದು ರಸ್ತೆಯ ನಡುವೆ ನಿಂತು ನನ್ನ ಹೆಲ್ಮೆಟ್ಟನ್ನು ದೀರ್ಘವಾಗಿ ಪರೀಕ್ಷಿಸಿ, ಒಪ್ಪಿಗೆಯಾಗದೆ, ಆದರೂ ದಾರಿ ಬಿಟ್ಟಿತು. ನಮ್ಮ ಬಂಧುಗಳಿಗಿಂತ ವಾಸಿ.

ಖಾನಾಪುರದ ಹಂಚಿನ ಭಟ್ಟಿಗಳ ಹೊಗೆ, ಮಲಪ್ರಭೆಯ ಸೇತುವೆ, ಆಮೇಲೆ ನಂದಗಡ. ನಂದಗಡದಲ್ಲಿ ಬ್ರಿಟಿಷರೊಡನೆ ಹೋರಾಡಿ ಗಲ್ಲಿಗೇರಿದ ವೀರನ ಸಮಾಧಿಯ ಆಲದ ಮರದಡಿ ಒಂದು ಘಳಿಗೆ ಕೂತೆ. ಸೋಲಲೊಲ್ಲದವನ ನೆರಳಿನಲ್ಲಿ ಕೂತದ್ದರಿಂದಲೋ ಏನೋ, ಮಂಡಿನೋವು ಕಡಿಮೆಯಾಯಿತು. ಹಲಸಿ ಮುಟ್ಟಿದಾಗ ನಡುಮಧ್ಯಾಹ್ನ.

ಹಲಸಿಯ ದೊಡ್ಡ ಗುಡಿಯನ್ನು ನೋಡಿದೆ, ಚೆನ್ನಾಗಿದೆ. ಆದರೆ ನಾನು ಬಂದದ್ದು ಪುಟ್ಟ ಬಸದಿಗೆ. ಪುಟ್ಟದೆಂದರೆ ನಮ್ಮ ಮನೆಯ ಪಡಸಾಲೆಯಲ್ಲಿ ಇಡಬಹುದು, ಅಷ್ಟು. ಒಳಗೆ ಕಾಲಿಟ್ಟರೆ ಕಲ್ಲಿನ ತಂಪು ಅಂಗಾಲಿನಿಂದ ನೆತ್ತಿಗೆ ಏರುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕೂತೆ. ಅಪ್ಪ ಇಲ್ಲಿ ಕೂತಿದ್ದಾಗ ಸೈಕಲ್ ಎಲ್ಲಿ ನಿಲ್ಲಿಸಿದ್ದಿರಬಹುದು ಎಂದು ಯೋಚಿಸಿದೆ. ಅರ್ಧ ಡಬ್ಬಿ ಉಂಡೆ, ಹೊರಗೆ ಕಟ್ಟೆಯ ಮೇಲೆ. ನೀರು ಕೇಳಲು ಹೋದ ಮನೆಯ ಅಜ್ಜಿ ನನ್ನ ಕಾಲಿನ ಕ್ಲಿಪ್ಪು ನೋಡಿ ಕೇಳಿದಳು, "ಎಷ್ಟು ದೂರದಿಂದ ಬಂದೀ ಬಾಯಿ?"

"ಬೆಳಗಾವಿಯಿಂದ್ರೀ."

"ಏಕಲೀನ? ಒಬ್ಬಾಕಿನ? ಗಂಡ ಇದ್ದಾನಿಲ್ಲೋ?"

"ಇದ್ದಾರ್ರೀ."

"ಮತ್ತ ಅವಗ ಬರಾಕ ಏನಾಗೇತಿ?"

"ಅವರು ಅಂಗಡಿ ನೋಡಬೇಕ್ರೀ."

"ಹಂಗಾದ್ರ ಛಲೋ ಆತ ಬಿಡ," ಎಂದಳು ಅಜ್ಜಿ, "ಅವಾ ಅಂಗಡಿ ನೋಡ್ಲಿ, ನೀ ಊರು ನೋಡ." ನೀರನ್ನು ತನ್ನ ಸೆರಗಿನಿಂದಲೇ ಸೋಸಿ ಬಾಟಲಿಗೆ ತುಂಬಿದಳು.

ತಿರುಗಿ ಬರುವಾಗ ನಂದಗಡದ ಹತ್ತಿರ ಹಿಂದಿನ ಗಾಲಿ ಬುಸ್ ಎಂದಿತು. ಪಂಕ್ಚರಿನ ಅಂಗಡಿ ಇತ್ತು, ಅಂಗಡಿಯವನಿರಲಿಲ್ಲ. "ಊಟಕ್ಕ ಹೋಗ್ಯಾನ, ಈಗ ಬರ್ತಾನ" ಎಂದರು ಬಾಜುವಿನ ಚಹಾದಂಗಡಿಯವರು. ನಮ್ಮ ಕಡೆಯ 'ಈಗ' ನಿಮಗೆ ಗೊತ್ತೇ ಇದೆ. ಅದರಲ್ಲಿ ಒಂದು ಊಟ, ಒಂದು ನಿದ್ದೆ, ಒಂದು ಬಂಧುಗಳ ಭೇಟಿ ಹಿಡಿಸುತ್ತವೆ. ಅವನು ಬಂದು, ತೆಳ್ಳನೆಯ ಟೈರನ್ನು ನೋಡಿ ಬೆರಗಾಗಿ, ನಾಲ್ಕು ಜನಕ್ಕೆ ತೋರಿಸಿ, ಪಂಕ್ಚರ್ ಹಾಕುವಷ್ಟರಲ್ಲಿ ನೆರಳುಗಳು ಉದ್ದವಾಗಿದ್ದವು.

ಖಾನಾಪುರದ ಸೇತುವೆ ದಾಟುತ್ತಲೇ ಒಂದು ಟೆಂಪೋ ಹಾರ್ನ್ ಹೊಡೆಯಿತು. ನಮ್ಮ ಅಂಗಡಿಗೆ ಸಾಮಾನು ತರುವ ಟೆಂಪೋ. ಅದರ ಡ್ರೈವರ್ ತಲೆ ಹೊರಹಾಕಿದ. ಅವನಿಗೆ ನಾನು ವೈನಿ, ಎಂದರೆ ಅತ್ತಿಗೆ.

"ವೈನ್ಯಾರ, ಬರ್ರಿ, ಸೈಕಲ್ ಹಿಂದ ಹಾಕೂಣು. ಸಾವಕಾರು ಕಳಿಸ್ಯಾರ. ಹೊತ್ತಿರೋದರೊಳಗ ಮನಿ ಮುಟ್ಟಸ್ತೀನಿ."

ಖರೇ ಹೇಳುತ್ತೇನೆ, ಆಸೆಯಾಯಿತು. ಕಾಲು ಹತ್ತಿಯ ಮೂಟೆಯಂತಾಗಿತ್ತು. ಟೆಂಪೋದಲ್ಲಿ ಕೂತರೆ ವ್ರತವೂ ಉಳಿಯುತ್ತದೆ, ಸೈಕಲ್ಲೂ ಉಳಿಯುತ್ತದೆ, ಯಾರೂ ಬೆರಳು ಮಾಡುವಂತಿಲ್ಲ. ಆದರೆ ಮಹಾಂತೇಶ ನಗರದ ಓಣಿಯಲ್ಲಿ ನಾನು ಟೆಂಪೋದಿಂದ ಇಳಿಯುವುದು, ಆಮೇಲೆ ಸೈಕಲ್ ಇಳಿಯುವುದು ಕಣ್ಣ ಮುಂದೆ ಬಂತು. ಅದರ ಮುಂದೆ ಬೆತ್ತದ ಕುರ್ಚಿಯೂ ಬಂತು.

"ನೀವು ನಡೀರಿ. ನಾ ಬರ್ತೀನಿ."

"ಸಾವಕಾರು ಬೈತಾರ್ರೀ."

"ಅವರಿಗೆ ಹೇಳ್ರಿ, ವೈನಿ ಕೈಗೆ ಸಿಗಲಿಲ್ಲ ಅಂತ."

"ಸಿಕ್ಕಿರಲ್ರೀ!"

"ಸಿಕ್ಕೀನಿ, ಹತ್ತಿಲ್ಲ. ಹಂಗಾ ಹೇಳ್ರಿ."

ಟೆಂಪೋ ಹೆದ್ದಾರಿ ಹಿಡಿಯಿತು, ನಾನು ಗರ್ಲಗುಂಜಿಯ ದಾರಿ ಹಿಡಿದೆ. ಅಲ್ಲಿಯೇ ರಸ್ತೆಯ ಬದಿ ಕೂತು ಉಂಡಿದ್ದರೆ ಆಗುತ್ತಿತ್ತು. ಸೂರ್ಯ ಎಡಗಡೆ ಬಿಸಿಬಿಸಿಯಾಗಿ ಇದ್ದ. ಅಪ್ಪನಾಗಿದ್ದರೆ ಹಾಗೇ ಮಾಡುತ್ತಿದ್ದರು. ನನಗೆ ಅಂಗಳ ಬೇಕಿತ್ತು, ಅಕ್ಕಾರ ಮುಖ ಬೇಕಿತ್ತು. ಅದು ಆಗುವುದಿಲ್ಲವೆಂದು ನಂದಿಹಳ್ಳಿಯಲ್ಲಿ ಅನಿಸಿತು. ಸರಿ, ಯಳ್ಳೂರಿನಲ್ಲಿ ಯಾವುದಾದರೂ ಗುಡಿಕಟ್ಟೆಯ ಮೇಲೆ ಕೂತರಾಯಿತು ಎಂದುಕೊಂಡು ತುಳಿದೆ. ಸೂರ್ಯ ಇನ್ನೂ ಒಂದು ಮೊಳ ಮೇಲಿದ್ದ. ರಾಜಹಂಸಗಡದ ಬುಡಕ್ಕೆ ಬಂದೆ, ದಾರಿ ಗುಡ್ಡದ ಮೂಡಣ ಮಗ್ಗುಲಿಗೆ ತಿರುಗಿತು, ಸೂರ್ಯ ಇಲ್ಲ!

ಮುಳುಗಿದ್ದಲ್ಲ. ಗುಡ್ಡದ ಹಿಂದೆ ಹೋದದ್ದು. ದೂರದ ಹೊಲಗಳ ಮೇಲೆ ಬಿಸಿಲು ಬಿದ್ದಿತ್ತು, ನನ್ನ ಮೇಲೆ ನೆರಳು. ಕ್ಯಾಲೆಂಡರಿನ ಪ್ರಕಾರ ಇನ್ನೂ ವೇಳೆಯಿತ್ತು. ಸೈಕಲ್ಲಿಗೆ ಕಾಲು ಕೊಟ್ಟು ನಿಂತೆ. ಡಬ್ಬಿ ಬಿಚ್ಚಿ ಇಲ್ಲೇ ಉಂಡುಬಿಟ್ಟರೆ ಯಾರು ನೋಡುತ್ತಾರೆ? ಆದರೆ ಕಣ್ಣಿಗೆ ಕಾಣಬೇಕು ಎಂದು ಒಪ್ಪಿಕೊಂಡವಳು ನಾನೇ. ಅಕ್ಕಾರ ಶಾಸ್ತ್ರದಲ್ಲೇ ಅವರನ್ನು ಗೆಲ್ಲಬೇಕಿತ್ತು. ಕ್ಯಾಲೆಂಡರಿನಿಂದ ಗೆದ್ದರೆ ಅದು ಗೆಲುವೇ ಅಲ್ಲ.

ಮನೆಯ ದಾರಿ ನೇರ, ಸಪಾಟು. ಎಡಕ್ಕೆ ಗಡದ ಮೇಲಿನ ಕೋಟೆಗೆ ಏರುವ ರಸ್ತೆ, ಹಾವಿನಂತೆ ಸುತ್ತಿಕೊಂಡು. ದನ ಹೊಡೆದುಕೊಂಡು ಇಳಿದು ಬರುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದೆ, "ಬಾಯಿ, ಮ್ಯಾಲ ಹೊತ್ತು ಕಾಣತೈತೇನು?"

ಅವಳು ನನ್ನನ್ನು ನೋಡಿದಳು, ಸೈಕಲ್ಲನ್ನು ನೋಡಿದಳು. "ಕಾಣತೈತಿ. ಆದ್ರ ಅದು ನಿನ್ನ ಸಲವಾಗಿ ಕಾಯ್ಕೋತ ಕುಂದರೂದಿಲ್ಲ. ಹೋಗೂದಿದ್ರ ಝಟ್ಟನ ಹೋಗ."

ಏರಿದೆ. ಎಲ್ಲಕ್ಕಿಂತ ಸಣ್ಣ ಗೇರಿಗೆ ಹಾಕಿ ಏರಿದೆ, ಅದೂ ಆಗದಾಗ ಇಳಿದು ತಳ್ಳಿಕೊಂಡು ಏರಿದೆ. ಒಂದು ತಿರುವಿನಲ್ಲಿ ಕ್ಯಾರಿಯರಿನ ಹಗ್ಗ ಸಡಿಲಾಗಿ ಡಬ್ಬಿ ಧಡಲ್ ಎಂದು ಬಿದ್ದು, ಉರುಳಿ, ಕಲ್ಲಿಗೆ ಬಡಿದು, ಮತ್ತೆ ಉರುಳಿ ಚರಂಡಿಯಲ್ಲಿ ನಿಂತಿತು. ಸೈಕಲ್ಲನ್ನು ರಸ್ತೆಯಂಚಿನ ಗೋಡೆಗೆ ಒರಗಿಸಿ ಅದರ ಹಿಂದೆ ಓಡಿದೆ. ಮಗ್ಗುಲು ಒಳಕ್ಕೆ ಹೋಗಿತ್ತು, ಮುಚ್ಚಳ ಮಾತ್ರ ಬಿಟ್ಟಿರಲಿಲ್ಲ. ಅದನ್ನು ಬಗಲಿಗೆ ಇಟ್ಟುಕೊಂಡು, ಒಂದೇ ಕೈಯಲ್ಲಿ ಸೈಕಲ್ ನೂಕುತ್ತಾ ಕೊನೆಯ ತಿರುವು ದಾಟಿದೆ.

ದಾಟಿದರೆ ಅಲ್ಲಿದ್ದ. ಪಶ್ಚಿಮದ ಗುಡ್ಡಗಳ ಸಾಲಿನ ಮೇಲೆ, ಕೆಂಪಗೆ, ದುಂಡಗೆ, ನನ್ನ ಮುಖಕ್ಕೆ ನೇರವಾಗಿ. ಉಸಿರು ಸುಧಾರಿಸಿಕೊಳ್ಳಲೂ ನಿಲ್ಲದೆ ಕೋಟೆಯ ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂತು ಮುಚ್ಚಳ ತೆಗೆದೆ. ಚಪಾತಿ, ಪಲ್ಯ, ಚಟ್ನಿ, ಕುಂದಾ ಎಲ್ಲ ಒಂದರೊಳಗೊಂದು ಕಲಸಿ ಹೋಗಿದ್ದವು. ಕುಂದಾಕ್ಕೆ ಚಟ್ನಿಯ ಖಾರ ಹತ್ತಿತ್ತು. ಅಷ್ಟು ರುಚಿಯಾದ ಊಟ ನಾನು ಮದುವೆಮನೆಗಳಲ್ಲೂ ಉಂಡಿಲ್ಲ.

ಎರಡನೆಯ ತುತ್ತಿಗೆ ಫೋನ್ ಬಂತು. ಅಕ್ಕಾ.

"ಮುಳುಗ್ತು, ಸುನಂದಾ. ಆಗ್ಲೇ ಮುಳುಗ್ತು." ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ನಾನು ಉಪವಾಸ ಬಿದ್ದೆನಲ್ಲ ಎಂಬ ಸಂಕಟವೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಹಟ ಬಂತು.

"ಎಲ್ಲಿ ಮುಳುಗ್ತುರೀ?"

"ಎಲ್ಲಿ ಅಂದ್ರ? ಇಲ್ಲಿ!"

"ಇಲ್ಲಿ ಮುಳುಗಿಲ್ಲ. ನನ್ನ ಕಣ್ಮುಂದ ಐತಿ."

"ಎಲ್ಲಿದ್ದೀ ನೀ?"

"ಗಡದ ಮ್ಯಾಲ."

"ಮನಿಗೆ ಬರೂದು ಬಿಟ್ಟು ಗಡದ ಮ್ಯಾಲ ಏನ ಮಾಡಾಕತ್ತೀ?"

"ಉಣ್ಣಾಕತ್ತೇನಿ."

ನಾನು ಅಗಿಯುವ ಸದ್ದು ಅವರಿಗೆ ಕೇಳಿರಬೇಕು. ಆಮೇಲೆ ಫೋನ್ ಇಟ್ಟರು. ನಾನು ಡಬ್ಬಿಯ ತಗ್ಗಿನ ಮೂಲೆಯಲ್ಲಿ ಅಂಟಿಕೊಂಡಿದ್ದ ಚಟ್ನಿಯನ್ನೂ ಬೆರಳಿನಿಂದ ತೆಗೆದು ಮುಗಿಸಿ, ಬಾಯಿ ಮುಕ್ಕಳಿಸಿ ಕೂತೆ. ಆಮೇಲೆ ಸೂರ್ಯ ಮುಳುಗಿದ. ಮುಳುಗಲಿ, ನನ್ನದು ಆಗಿತ್ತು. ಸೈಕಲ್ಲಿನ ದೀಪ ಹಚ್ಚಿ, ಬ್ರೇಕು ಹಿಡಿಹಿಡಿದು ಇಳಿದು, ಯಳ್ಳೂರು ಹಾಯ್ದು ಮನೆಗೆ ಬಂದೆ. ಕತ್ತಲಲ್ಲಿ ಅಪ್ಪನ ಹಾಗೆ ಏನೋ ಗುನುಗುತ್ತಿದ್ದೆನೆಂದು ಗೇಟಿನ ಹತ್ತಿರ ಬಂದಾಗಲೇ ಗೊತ್ತಾದದ್ದು.

ನಮ್ಮ ಮನೆಯವರು ಗೇಟಿನಲ್ಲಿ ನಿಂತಿದ್ದರು. "ಟೆಂಪೋ ಕಳಿಸಿದ್ದೆ. ನಂದೇನೂ ಇಲ್ಲ, ಅಕ್ಕ ಕಳಸಂದ್ಲು."

ನಾನು ತಿರುಗಿ ನೋಡಿದೆ. ಅಕ್ಕಾ ಕುರ್ಚಿಯಲ್ಲಿ ಆಕಾಶ ನೋಡುತ್ತಿದ್ದರು. ಟೆಂಪೋ ಕಳಿಸಿದ್ದು ಅವರೇ! ಗೆಲ್ಲುವ ಮನಸ್ಸಿದ್ದವರು ಟೆಂಪೋ ಯಾಕೆ ಕಳಿಸುತ್ತಾರೆ? ನಾನು ಒಂದು ಕ್ಷಣ ಮೆತ್ತಗಾದೆ. ಅಷ್ಟರಲ್ಲಿ ಅವರೇ ಕಾಪಾಡಿದರು.

"ಹೊತ್ತು ಮುಳುಗಿದ ಮ್ಯಾಲ ಉಂಡಿ ನೀ. ನಾ ಇಲ್ಲೇ ಕುಂತು ನೋಡೇನಿ."

"ನೀವು ನೋಡಿದ್ದು ಹೊತ್ತಲ್ರೀ ಅಕ್ಕಾರ, ಬಿಲ್ಡಿಂಗು. ನಾಳೆ ಸಂಜಿಕೆ ಮಾಳಿಗಿ ಹತ್ರಿ, ತೋರಸ್ತೀನಿ."

"ನನ್ನ ಮಣಕಾಲಿಗೆ ಮಾಳಿಗಿ ಹತ್ತೂದು ಆಗೂದಿಲ್ಲ."

"ಹಂಗಾದ್ರ ಸೈಕಲ್ ಕೊಡೂದೂ ಆಗೂದಿಲ್ಲ."

ಮರುದಿನ ಅವರು ಹತ್ತಿದರು. ಒಂದೊಂದು ಮೆಟ್ಟಿಲಿಗೂ ನನ್ನನ್ನು ಬೈಯುತ್ತಾ ಹತ್ತಿದರು. ಕೆಳಗೆ ಅಂಗಳದಲ್ಲಿ ಆಗಲೇ ನೆರಳಿತ್ತು, 'ಮುಳುಗ್ತು' ಎಂದು ಕೂಗಿ ಬಂದಿದ್ದರು. ಮಾಳಿಗೆಯ ಬಾಗಿಲು ತೆಗೆದೆ. ಅಪಾರ್ಟ್‌ಮೆಂಟಿನ ಮಗ್ಗುಲಲ್ಲಿ, ಕೋಟೆಯ ಕಡೆಯ ಮರಗಳ ಮೇಲೆ ಸೂರ್ಯ ಆರಾಮಾಗಿ ಕೂತಿದ್ದ. ಅಕ್ಕಾ ಸೆರಗಿನಿಂದ ಹಣೆ ಒರೆಸಿಕೊಂಡರು. ಸುಮಾರು ಹೊತ್ತು ನೋಡಿದರು.

"ಆ ಬಿಲ್ಡಿಂಗ್ ಕಟ್ಟಿದಾವ," ಎಂದರು ಕೊನೆಗೆ, "ನನ್ನ ಎಷ್ಟು ಚಪಾತಿ ತಿಂದಾನ ನೋಡ." ಆಮೇಲೆ ನನ್ನ ಕಡೆ ತಿರುಗದೆ, "ಹೋಗ, ಎರಡು ಬಿಸಿ ಮಾಡ್ಕೊಂಬಾ. ಇನ್ನೂ ಐತಿ."

ಇದರಿಂದ ಅವರು ನನ್ನ ಸೈಕಲ್ಲನ್ನು ಒಪ್ಪಿಕೊಂಡರೆಂದು ತಿಳಿಯಬೇಡಿ. ಚಪಾತಿ ಮುರಿಯುತ್ತಲೇ ಹೇಳಿದರು, "ಹೊತ್ತಿನ ಮಾತು ಬ್ಯಾರೆ, ಸೈಕಲ್ ಮಾತು ಬ್ಯಾರೆ. ನಿನ್ನ ಸೈಕಲ್ ನನಗ ಸೇರೂದಿಲ್ಲ. ಇವತ್ತೂ ಹೇಳ್ತೀನಿ, ನಾಳೆನೂ ಹೇಳ್ತೀನಿ."

"ಹೇಳ್ರಿ," ಎಂದೆ.

ದಿನಾ ಹೇಳುತ್ತಾರೆ. ಬೆತ್ತದ ಕುರ್ಚಿ ಈಗ ಮಾಳಿಗೆಯ ಮೇಲಿದೆ. ನಮ್ಮ ಮನೆಯವರು ಗಿರಾಕಿಗಳೊಂದಿಗೆ ಕೊನೆಯವರೆಗೂ ಚೌಕಾಸಿ ಮಾಡಿ ಸಮಾಧಾನವಾಗಿ ಬರುತ್ತಾರೆ. ಪಾತ್ರೆಯ ಹೆಂಗಸು ಓಣಿಗೆ ಬಂದಾಗ ಅಕ್ಕಾ ಡಬ್ಬಿಯ ಮಾತು ತೆಗೆಯುತ್ತಾರೆ, ನಾನು ಕೊಡುವುದಿಲ್ಲ ಎನ್ನುತ್ತೇನೆ. ತಗ್ಗು ಬಿದ್ದ ಮೇಲೆ ಅದರಲ್ಲಿ ಮೊದಲಿಗಿಂತ ಒಂದು ಚಪಾತಿ ಕಡಿಮೆ ಹಿಡಿಸುತ್ತದೆ. ಆ ಒಂದನ್ನು ಹೊರಡುವ ಮುಂಚೆ ಗೇಟಿನ ಹತ್ತಿರ ನಿಂತು ತಿಂದುಬಿಡುತ್ತೇನೆ.

ಈ ರವಿವಾರ ಕಿತ್ತೂರಿನ ದಾರಿ. ಡಬ್ಬಿ ಕಟ್ಟಿಯಾಗಿತ್ತು, ಹೆಚ್ಚುವರಿ ಚಪಾತಿ ಕೈಯಲ್ಲಿತ್ತು, ಮೂಡಣ ಇನ್ನೂ ಬೂದಿಬಣ್ಣದಲ್ಲಿತ್ತು. ಹೊತ್ತು ಮೂಡುವುದನ್ನು ಕಾಯುತ್ತಾ ನಿಂತಿದ್ದೆ. ಮಾಳಿಗೆಯ ಮೇಲಿಂದ ದನಿ ಬಂತು.

"ಮೂಡೇತಿ! ತಿನ್ನು."

ಮೇಲೆ ನೋಡಿದೆ. ಶಾಲು ಹೊದ್ದುಕೊಂಡು ಅಕ್ಕಾ ಗೋಡೆಗೆ ಕೈಕೊಟ್ಟು ನಿಂತಿದ್ದರು. ಆ ಮಣಕಾಲಿನಲ್ಲಿ, ಆ ನಸುಕಿನಲ್ಲಿ, ಅಷ್ಟು ಮೆಟ್ಟಿಲು. ನಾನು ಚಪಾತಿ ಮುಗಿಸಿ, ಕೈ ಝಾಡಿಸಿಕೊಂಡು ಪೆಡಲಿನ ಮೇಲೆ ಕಾಲಿಟ್ಟೆ. ಅವರು ಹೋಗಬೇಡ ಎಂದಿದ್ದರೂ ಹೋಗುತ್ತಿದ್ದೆ.